ತಾರಸಿಯ ಕಲ್ಲಂಗಡಿ: ಐದು ಕಾಯಿ, ಒಂದು ಹಣ್ಣು

 

2024ರ ಬೇಸಿಗೆಯಲ್ಲಿ, ಸಾರಕ್ಕಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನಾನು ಕಲ್ಲಂಗಡಿ ಬೆಳೆದೆ. ಮೂರು ಕುಂಡಗಳಲ್ಲಿ ಬಳ್ಳಿ ಹಬ್ಬಿಸಿದೆ, ಐದು ಕಾಯಿ ಕಟ್ಟಿದವು, ಸರಿಯಾಗಿ ಹಣ್ಣಾಗಿ ನಮ್ಮ ತಟ್ಟೆಗೆ ಬಂದದ್ದು ಒಂದೇ ಒಂದು. ಇದನ್ನು ನಮ್ಮ ಜೀವಶಾಸ್ತ್ರ ಮೇಡಂ ಬಳಿ ಹೇಳಿದಾಗ ಅವರು ನಗಲಿಲ್ಲ. "ಹಣ್ಣಾದ ಒಂದರ ಬಗ್ಗೆ ಬರೆಯಬೇಡ, ಹೋದ ನಾಲ್ಕರ ಬಗ್ಗೆ ಬರೆ. ಪಾಠ ಇರುವುದು ಅಲ್ಲಿ" ಎಂದರು. ಆ ಮಾತಿನಂತೆ ಈ ಲೇಖನ ಬರೆದಿದ್ದೇನೆ.

ಶುರುವಾದದ್ದು ಹೀಗೆ

ನಮ್ಮ ಅಜ್ಜಿಯನ್ನು ನಾವು ದಾದಿಮಾ ಎಂದು ಕರೆಯುತ್ತೇವೆ. ಅವರದು ಚಿಂತಾಮಣಿ ಕಡೆಯ ರೈತರ ಮನೆ. ರಂಜಾನ್ ಬಂದರೆ ಇಫ್ತಾರ್‌ಗೆ ಖರ್ಜೂರದ ಜೊತೆ ಕಲ್ಲಂಗಡಿ ಇರಲೇಬೇಕು. "ನಮ್ಮ ಕಾಲದಲ್ಲಿ ಹಣ್ಣನ್ನು ಹೊಲದಲ್ಲೇ ಒಡೆದು ತಿನ್ನುತ್ತಿದ್ದೆವು" ಎಂದು ಅವರು ಹೇಳಿದಾಗ, "ಈ ರಂಜಾನ್‌ಗೆ ನಮ್ಮ ತಾರಸಿಯ ಹಣ್ಣನ್ನೇ ಕೊಡುತ್ತೇನೆ ದಾದಿಮಾ" ಎಂದು ಮಾತು ಕೊಟ್ಟುಬಿಟ್ಟೆ.

ಜನವರಿ 28ರಂದು ಬೀಜ ಹಾಕಿದೆ. ಒಂದು ಕುಂಡಕ್ಕೆ ನಾವು ತಿಂದು ಉಗಿದ ಹಣ್ಣಿನ ಬೀಜ. ಇನ್ನೆರಡಕ್ಕೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಿಂದ ತಂದ 'ಶುಗರ್ ಬೇಬಿ' ಬೀಜ. ಈ ತಳಿಯ ಹಣ್ಣು ಚಿಕ್ಕದು, ಸಿಪ್ಪೆ ಕಡುಹಸಿರು, ಆದ್ದರಿಂದ ಕುಂಡಕ್ಕೆ ಹೊಂದುತ್ತದೆ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಮಾಣಿಕ್' ತಳಿಗೆ ಬೂದಿರೋಗ ಮತ್ತು ಚಿಬ್ಬುರೋಗವನ್ನು ತಡೆದುಕೊಳ್ಳುವ ಗುಣವಿದೆ. ಆದರೆ ಅದರ ಹಣ್ಣು ಸುಮಾರು ಆರು ಕೆಜಿ ತೂಗುವುದರಿಂದ ಅದು ಹೊಲಕ್ಕೇ ಸರಿ.

ಮೊದಲ ತಪ್ಪು ಲೆಕ್ಕದಲ್ಲೇ ಆಯಿತು. ಕಲ್ಲಂಗಡಿ ಬೀಜ ಹಾಕಿದ ಸುಮಾರು 40 ದಿನಕ್ಕೆ ಹೂ ಬಿಡಲು ಶುರುಮಾಡುತ್ತದೆ. ಕಾಯಿ ಕಟ್ಟಿದ ಮೇಲೆ ಹಣ್ಣಾಗಲು ಇನ್ನೂ 35 ದಿನ ಬೇಕು. ನಡುವೆ ಹೆಣ್ಣು ಹೂವಿಗಾಗಿ ಕಾಯುವ ದಿನಗಳನ್ನೂ ಸೇರಿಸಿದರೆ ಒಟ್ಟು 85–90 ದಿನ. ಆ ವರ್ಷ ಬೆಂಗಳೂರಿನಲ್ಲಿ ಮೊದಲ ರೋಜಾ ಮಾರ್ಚ್ 12ಕ್ಕೆ, ಈದ್ ಏಪ್ರಿಲ್ 11ಕ್ಕೆ. ಅಂದರೆ ನನ್ನ ಹಣ್ಣು ಈದ್‌ಗೆ ಮುಂಚೆ ಆಗುವ ಸಾಧ್ಯತೆಯೇ ಇರಲಿಲ್ಲ. ಇದು ನನಗೆ ಹೊಳೆದದ್ದು ಮಾರ್ಚ್‌ನಲ್ಲಿ.

ತೊಂದರೆ 1: ಬಳ್ಳಿಯ ತುದಿ ಕಪ್ಪಾಯಿತು

ಮಾರ್ಚ್ ಮೊದಲ ವಾರ. ಮೊದಲ ಕುಂಡದ ಬಳ್ಳಿಯ ಕುಡಿ ನೆಲಬಿಟ್ಟು ಮೇಲಕ್ಕೆ ನೆಟ್ಟಗೆ ನಿಂತಿತು. ಎಲೆ ಚಿಕ್ಕದಾಗಿ ಮುದುಡಿತು, ನಂತರ ತುದಿ ಸುಟ್ಟಂತೆ ಕಪ್ಪಾಯಿತು. ನೀರು ಕಡಿಮೆಯಾಯಿತೆಂದು ನೀರು ಹೆಚ್ಚು ಹಾಕಿದೆ. ನಂತರ ಗೊಬ್ಬರ ಹಾಕಿದೆ. ಯಾವುದರಿಂದಲೂ ಉಪಯೋಗವಾಗಲಿಲ್ಲ.

ಫೋಟೋ ನೋಡಿದ ಮೇಡಂ ಇದು ಕುಡಿ ಒಣಗುವ ವೈರಸ್ ರೋಗದ ಲಕ್ಷಣ ಎಂದರು. ದಕ್ಷಿಣ ಭಾರತದ ಕಲ್ಲಂಗಡಿ ಬೆಳೆಗಾರರಿಗೆ ಇದು ದೊಡ್ಡ ಕಾಟ. ಥ್ರಿಪ್ಸ್ ಎಂಬ, ಕಣ್ಣಿಗೆ ಗೆರೆಯಷ್ಟೇ ಕಾಣುವ ಕೀಟ ಎಲೆಯ ರಸ ಹೀರುವಾಗ ಈ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ತಟ್ಟಿದರೆ ಹಾಳೆಯ ಮೇಲೆ ಓಡಾಡುವ ಸಣ್ಣ ಹುಳುಗಳು ಕಾಣುತ್ತವೆ. ನನಗೂ ಕಂಡವು.

ರೋಗ ಬಂದ ಗಿಡಕ್ಕೆ ಮದ್ದಿಲ್ಲ. ಕಿತ್ತು, ಚೀಲದಲ್ಲಿ ಕಟ್ಟಿ, ಬೇರೆ ಗಿಡಗಳಿಂದ ದೂರ ಸಾಗಿಸುವುದೇ ದಾರಿ. ಐದು ವಾರ ಸಾಕಿದ ಬಳ್ಳಿಯನ್ನು ಕೀಳುವಾಗ ಬೇಸರವಾಯಿತು. ಆದರೆ ಕೀಳದಿದ್ದರೆ ಉಳಿದ ಎರಡೂ ಹೋಗಬಹುದಿತ್ತು. ಆ ಎರಡು ಕುಂಡಗಳ ಪಕ್ಕದಲ್ಲಿ ಹಳದಿ ಅಂಟುಹಾಳೆ ನೇತುಹಾಕಿದೆ, ವಾರಕ್ಕೊಮ್ಮೆ ಎಲೆಗಳ ಹಿಂಬದಿಗೆ ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಿದೆ. ಸಿಂಪಡಿಸುವುದಾದರೆ ಸಂಜೆ ಮಾತ್ರ. ಬಿಸಿಲಲ್ಲಿ ಎಣ್ಣೆ ಎಲೆಯನ್ನು ಸುಡುತ್ತದೆ, ಬೆಳಿಗ್ಗೆ ಹಾಕಿದರೆ ಜೇನುಹುಳುಗಳಿಗೆ ತೊಂದರೆ.

ತೊಂದರೆ 2: ಹೂ ಬಿಡುತ್ತದೆ, ಕಾಯಿ ಇಲ್ಲ

ಇನ್ನೆರಡು ಬಳ್ಳಿಗಳಲ್ಲಿ ಹಳದಿ ಹೂಗಳು ಬಂದವು, ಒಂದೊಂದೇ ಉದುರಿದವು. ಪಕ್ಕದ ಮನೆಯ ಆಂಟಿ, "ಪಕ್ಕದಲ್ಲೇ ಸೌತೆಬಳ್ಳಿ ಇಟ್ಟಿದ್ದೀಯ, ಅದು ಬೆರೆತುಹೋಗುತ್ತೆ, ಕಾಯಾದರೂ ಸಪ್ಪೆಯಾಗುತ್ತೆ" ಎಂದರು. ಇದು ಬಹಳ ಜನ ಹೇಳುವ ಮಾತು, ಆದರೆ ನಿಜವಲ್ಲ. ಸೌತೆ ಮತ್ತು ಕಲ್ಲಂಗಡಿ ಒಂದೇ ಕುಟುಂಬಕ್ಕೆ ಸೇರಿದ್ದರೂ ಅವುಗಳ ಜಾತಿ ಬೇರೆ. ಒಂದರ ಪರಾಗದಿಂದ ಇನ್ನೊಂದರಲ್ಲಿ ಕಾಯಿ ಕಟ್ಟುವುದಿಲ್ಲ.

ನಿಜವಾದ ಕಾರಣ ನಮ್ಮ ದ್ವಿತೀಯ ಪಿಯುಸಿ ಪಾಠದಲ್ಲೇ ಇದೆ. ಮೆಕ್ಕೆಜೋಳ ಮತ್ತು ಹರಳಿನ ಗಿಡದಂತೆ ಕಲ್ಲಂಗಡಿಯಲ್ಲೂ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆಯಾಗಿ, ಆದರೆ ಒಂದೇ ಗಿಡದಲ್ಲಿ ಇರುತ್ತವೆ. ಮೊದಲು ಬರುವುದು ಗಂಡು ಹೂ. ಅದು ಒಂದು ದಿನ ಅರಳಿ ಉದುರುವುದು ಸಹಜ, ಅದು ರೋಗವಲ್ಲ. ಹೆಣ್ಣು ಹೂ ಬರಲು ಇನ್ನೂ ಒಂದು ವಾರ ಅಥವಾ ಹೆಚ್ಚು ಹಿಡಿಯುತ್ತದೆ. ಗುರುತು ಸುಲಭ: ಹೆಣ್ಣು ಹೂವಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡ, ನುಣುಪು ರೋಮದ ಪುಟ್ಟ ಕಲ್ಲಂಗಡಿಯೇ ಕಾಣುತ್ತದೆ. ಅದೇ ಅಂಡಾಶಯ. ಗಂಡು ಹೂವಿಗೆ ಬರೀ ತೆಳ್ಳನೆಯ ತೊಟ್ಟು.

ಮಾರ್ಚ್ ಎರಡನೇ ವಾರದಲ್ಲಿ ಹೆಣ್ಣು ಹೂಗಳೂ ಬಂದವು. ಆದರೆ ಹೀಚು ಹಳದಿಯಾಗಿ ಉದುರತೊಡಗಿತು. ಅಂದರೆ ಪರಾಗಸ್ಪರ್ಶ ಆಗುತ್ತಿರಲಿಲ್ಲ. ಹೆಣ್ಣು ಹೂ ಅರಳಿರುವುದು ಒಂದೇ ದಿನ, ಅದರಲ್ಲೂ ಬೆಳಗಿನ ಹೊತ್ತು ಮಾತ್ರ. ಸೂರ್ಯ ಹುಟ್ಟಿದ ಮೇಲೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಜೇನುಹುಳು ಒಂದು ಸಲವಲ್ಲ, ಹಲವು ಸಲ ಬಂದು ನೂರಾರು ಪರಾಗದ ಕಣಗಳನ್ನು ತಂದುಹಾಕಬೇಕು. ಪರಾಗ ಕಡಿಮೆ ಬಿದ್ದರೆ ಹೀಚು ಉದುರುತ್ತದೆ, ಇಲ್ಲವೇ ಕಾಯಿ ಸೊಟ್ಟಗೆ ಬೆಳೆಯುತ್ತದೆ. ಮೂರನೇ ಮಹಡಿಯ ಮೇಲಿನ ಸಿಮೆಂಟಿನ ತಾರಸಿಗೆ ಜೇನು ಎಲ್ಲಿಂದ ಬರಬೇಕು?

ಜೇನಿನ ಕೆಲಸವನ್ನು ನಾವೇ ಮಾಡಬಹುದು. ಆದರೆ ಆ ಹೊತ್ತಿನಲ್ಲಿ ನಾನು ನಿದ್ದೆಯಲ್ಲಿರುತ್ತಿದ್ದೆ! ರಂಜಾನ್‌ನಲ್ಲಿ ಸಹ್ರಿ ಮಾಡಿ, ಫಜ್ರ್ ನಮಾಜ್ ಮುಗಿಸಿ ಮಲಗಿದರೆ ಏಳುತ್ತಿದ್ದದ್ದು ಹತ್ತು ಗಂಟೆಗೆ. ಮಾರ್ಚ್ 18ರಿಂದ ಫಜ್ರ್ ಆದ ಮೇಲೆ ಮಲಗದೆ ಪುಸ್ತಕ ಹಿಡಿದು ತಾರಸಿಗೆ ಹೋಗತೊಡಗಿದೆ. ಏಳು ಗಂಟೆಯ ಹೊತ್ತಿಗೆ ಹೂ ಅರಳಿರುತ್ತಿತ್ತು. ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ಅದರ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರದ ಮೂರೂ ಭಾಗಗಳಿಗೆ ಮೆಲ್ಲಗೆ ಸವರಬೇಕು. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂ ಬಳಸಿದರೆ ಒಳ್ಳೆಯದು. ಸವರಿದ ಹೂವಿನ ತೊಟ್ಟಿಗೆ ದಾರ ಕಟ್ಟಿ ತಾರೀಖು ಬರೆದಿಡಿ. ಈ ತಾರೀಖು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಹೀಗೆ ಎಂಟು ಹೂಗಳಿಗೆ ಮಾಡಿದೆ, ಐದು ಕಾಯಿ ಕಟ್ಟಿದವು. ಒಂದೇ ಬಳ್ಳಿಯ ಗಂಡು ಹೂವಿನಿಂದ ಅದೇ ಬಳ್ಳಿಯ ಹೆಣ್ಣು ಹೂವಿಗೆ ಪರಾಗ ಒಯ್ದರೆ ಅದೇ ಗೀಟನೋಗಮಿ. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಪದ ನನಗೆ ಇನ್ನು ಮರೆಯುವುದಿಲ್ಲ. ಜೇನನ್ನು ಕರೆಯಲು ಕಾಮಕಸ್ತೂರಿಯ ಒಂದು ಕುಂಡವನ್ನೂ ಇಟ್ಟೆ. ಅದರ ಹೂವಿಗೆ ಜೇನು ಬರುತ್ತದೆ, ಅದರ ಬೀಜವೇ ನಾವು ಇಫ್ತಾರ್ ಶರಬತ್ತಿಗೆ ಹಾಕುವ ಸಬ್ಜಾ.

ತೊಂದರೆ 3: ನೀರು

ಈ ಭಾಗ ಬರೆಯುವುದು ಸುಲಭವಲ್ಲ. 2024ರ ಮಾರ್ಚ್ ಹೇಗಿತ್ತೆಂದು ನಿಮಗೆಲ್ಲ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರನ್ನು ಗಾಡಿ ತೊಳೆಯಲು, ಗಿಡಗಳಿಗೆ ಹಾಕಲು ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ನಮ್ಮ ಕಟ್ಟಡಕ್ಕೆ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಒಂದು ದಿನ ಅಮ್ಮಿ ನಾನು ಬಕೆಟ್ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡು, "ಕೆಳಗಿನ ಮನೆಯವರು ಪಾತ್ರೆ ತೊಳೆಯೋಕೆ ನೀರಿಲ್ಲ ಅಂತಿದ್ದಾರೆ. ನಿನ್ನ ಬಳ್ಳಿಗೆ ನೀರಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಬಕೆಟ್ ಕೆಳಗಿಟ್ಟೆ.

ಮೂರು ದಿನ ನೀರು ಹಾಕಲಿಲ್ಲ. ನಾಲ್ಕನೇ ದಿನ ಬಳ್ಳಿ ಬಾಡಿದ್ದು ನೋಡಲಾಗದೆ ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಒಟ್ಟಿಗೆ ಸುರಿದೆ. ಒಂದು ವಾರದ ನಂತರ ಮೊದಲ ಕಾಯಿಯ ತುದಿ, ಅಂದರೆ ಹೂ ಉದುರಿದ ಕಡೆ, ಕಪ್ಪಾಗಿ ಒಳಕ್ಕೆ ಕುಸಿಯಿತು. ಆಗ ಕಾಯಿ ನಿಂಬೆಹಣ್ಣಿನಷ್ಟು ದೊಡ್ಡದಾಗಿತ್ತು.

ಇದು ಶಿಲೀಂಧ್ರದ ರೋಗ ಎಂದು ಔಷಧಿ ಹೊಡೆಯುವವರಿದ್ದಾರೆ. ಮೂಲದಲ್ಲಿ ಇದು ಸೋಂಕಲ್ಲ, ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಆಗುವ ಕೊರತೆ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ಜೈಲಂನಲ್ಲಿ, ನೀರಿನ ಜೊತೆ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ಫ್ಲೋಯಂ ಮೂಲಕ ಹಿಂದಿರುಗಿ ಕಾಯಿಗೆ ಬರುವುದು ಬಹಳ ಕಡಿಮೆ. ಎಲೆಗಳು ಹೆಚ್ಚು ನೀರನ್ನು ಆವಿಯಾಗಿ ಬಿಡುವುದರಿಂದ ನೀರಿನ ಹರಿವೆಲ್ಲ ಆ ಕಡೆಗೇ ಹೋಗುತ್ತದೆ, ಕಾಯಿಗೆ ಸಿಗುವುದು ಅಲ್ಪ. ಮೂರು ದಿನ ನೀರೇ ಇಲ್ಲದಿದ್ದರೆ ಆ ಅಲ್ಪವೂ ನಿಂತುಹೋಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ತೊಂದರೆ ಬರುವುದು ಇದೇ ಕಾರಣಕ್ಕೆ. ಆಗ ಮೊಟ್ಟೆಯ ಚಿಪ್ಪಿನ ಪುಡಿ ಹಾಕಿದರೆ ತಕ್ಷಣ ಪ್ರಯೋಜನವಿಲ್ಲ, ಅದು ಕರಗಲು ತಿಂಗಳುಗಳೇ ಬೇಕು. ಬೇಕಾದದ್ದು ಹೆಚ್ಚು ನೀರಲ್ಲ, ದಿನವೂ ಒಂದೇ ಅಳತೆಯ ನೀರು.

ದಾರಿ ತೋರಿಸಿದವರು ದಾದಿಮಾ. ಅವರು ಮಣೆಯ ಮೇಲೆ ಕುಳಿತು ಲೋಟಾದಿಂದ ವುಜೂ ಮಾಡುತ್ತಾರೆ. ಒಂದು ಸಂಜೆ, "ಬೇಟಾ, ಕೆಳಗೆ ಒಂದು ಬೇಸಿನ್ ಇಡು. ಈ ನೀರು ಸುಮ್ಮನೆ ಮೋರಿಗೆ ಹೋಗುತ್ತೆ" ಎಂದರು. ಅಳೆದು ನೋಡಿದೆ: ಅವರ ಒಂದು ವುಜೂವಿಗೆ ಸುಮಾರು ಒಂದೂವರೆ ಲೀಟರ್. ನಾನು ನಲ್ಲಿ ಬಿಟ್ಟುಕೊಂಡು ಮಾಡಿದರೆ ಐದು ಲೀಟರ್! ನದಿಯ ದಡದಲ್ಲಿದ್ದರೂ ವುಜೂವಿನಲ್ಲಿ ನೀರು ಪೋಲು ಮಾಡಬಾರದೆಂದು ಚಿಕ್ಕಂದಿನಿಂದ ಕೇಳಿದ್ದೆ. ಅಳತೆಯ ಮಗ್ ಹಿಡಿದ ದಿನ ಅದು ಅರ್ಥವಾಯಿತು. ಅಂದಿನಿಂದ ಮನೆಮಂದಿಯೆಲ್ಲ ಲೋಟಾಗೆ ಬಂದೆವು. ಸೋಪಿಲ್ಲದ ಆ ನೀರು, ತರಕಾರಿ ತೊಳೆದ ನೀರು ಸೇರಿ ಎರಡು ಕುಂಡಗಳಿಗೆ ದಿನಕ್ಕೆ ಐದು ಲೀಟರ್ ಧಾರಾಳವಾಗಿ ಸಿಕ್ಕಿತು. ಬಳ್ಳಿಗೆಂದು ಟ್ಯಾಂಕಿನಿಂದ ಒಂದು ಮಗ್ ನೀರನ್ನೂ ಮತ್ತೆ ತೆಗೆಯಲಿಲ್ಲ.

ಎರಡು ಎಚ್ಚರಿಕೆ. ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ದಿನವೂ ಕುಂಡಕ್ಕೆ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಇನ್ನು ಕುಂಡದ ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ದಪ್ಪ ಹೊದಿಕೆ ಹಾಕಿ. ಹೊದಿಕೆ ಇದ್ದ ಕುಂಡ ಸಂಜೆಯವರೆಗೂ ತೇವವಾಗಿರುತ್ತಿತ್ತು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಆಮೇಲೆ ನೀರು ಹಾಕಿ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಎಲೆ ಜೋಲುವುದು ಸಾಮಾನ್ಯ. ಸಂಜೆಗೆ ತಾನಾಗಿ ಎದ್ದರೆ ನೀರಿನ ಕೊರತೆಯಿಲ್ಲ ಎಂದರ್ಥ. ಬೆಳಿಗ್ಗೆಯೂ ಜೋಲುತ್ತಿದ್ದರೆ ಮಾತ್ರ ಚಿಂತೆ ಮಾಡಿ.

ತೊಂದರೆ 4: ಕಾಯಿಯ ಮೇಲೆ ಸೂಜಿಯ ಗುರುತು

ಎರಡನೆಯ ಕಾಯಿ ಮೊಟ್ಟೆಯಷ್ಟಾಗಿತ್ತು. ಅದರ ಮೇಲೆ ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ಅಲ್ಲಿ ಅಂಟಿನ ಹನಿ. ನಾಲ್ಕು ದಿನಕ್ಕೆ ಕಾಯಿ ಮೆತ್ತಗಾಯಿತು. ಕತ್ತರಿಸಿದರೆ ಒಳಗೆ ಬಿಳಿ ಹುಳುಗಳು. ಇದು ಹಣ್ಣುನೊಣದ ಕೆಲಸ. ಹೆಣ್ಣು ನೊಣ ಎಳೆಗಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹುಳು ಒಳಗಿರುವುದರಿಂದ ಹೊರಗೆ ಏನು ಸಿಂಪಡಿಸಿದರೂ ತಲುಪುವುದಿಲ್ಲ.

ಇಲ್ಲಿ ತಡೆಯೇ ಮದ್ದು. ಕಾಯಿ ಕಟ್ಟಿದ್ದು ಖಚಿತವಾದ ಕೂಡಲೇ ತೆಳುಬಟ್ಟೆಯ ಚೀಲ ತೊಡಿಸಿ. ಅಮ್ಮಿ ಹಳೆಯ ದುಪಟ್ಟಾದಿಂದ ಮೂರು ಚೀಲ ಹೊಲಿದುಕೊಟ್ಟರು. ಪರಾಗಸ್ಪರ್ಶಕ್ಕೆ ಮುಂಚೆಯೇ ಚೀಲ ಹಾಕಿದರೆ ಜೇನೂ ಒಳಗೆ ಬರಲಾರದು, ನೆನಪಿರಲಿ. ಹುಳುಬಿದ್ದ ಕಾಯಿಯನ್ನು ಕುಂಡದ ಮೇಲೆ ಎಸೆಯಬೇಡಿ. ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಬಿಗಿಯಾಗಿ ಚೀಲದಲ್ಲಿ ಕಟ್ಟಿ ಎರಡು ದಿನ ಬಿಸಿಲಿಗಿಡಿ.

ತೊಂದರೆ 5: ಅವಸರ

ಮೂರನೆಯದರ ತಪ್ಪು ಪೂರ್ತಿ ನನ್ನದು. ಮಾರ್ಚ್ 18ರಂದು ಪರಾಗಸ್ಪರ್ಶ ಮಾಡಿದ ಕಾಯಿ ನೋಡಲು ದೊಡ್ಡದಾಗಿತ್ತು. ಈದ್‌ಗಾದರೂ ಮಾತು ಉಳಿಸಿಕೊಳ್ಳಬೇಕೆಂದು ಏಪ್ರಿಲ್ 10ರ ರಾತ್ರಿ ಕೊಯ್ದೆ. ದಾದಿಮಾ ಅದನ್ನು ಬೆರಳಿಂದ ತಟ್ಟಿ ಕಿವಿಗೊಟ್ಟು, "ಇದು ಇನ್ನೂ ನಿದ್ದೆಯಲ್ಲಿದೆ" ಎಂದರು. ಕತ್ತರಿಸಿದರೆ ಒಳಗೆ ತಿಳಿಗುಲಾಬಿ, ಬೀಜ ಬಿಳಿ, ರುಚಿ ಸಪ್ಪೆ. 23 ದಿನಕ್ಕೆ ಅದು ಹಣ್ಣಾಗುವುದಾದರೂ ಹೇಗೆ?

ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುತ್ತವೆ. ಕಲ್ಲಂಗಡಿ ಹಾಗಲ್ಲ. ಬಳ್ಳಿಯಿಂದ ಕಿತ್ತ ಮೇಲೆ ಅದರ ಸಿಹಿ ಹೆಚ್ಚುವುದಿಲ್ಲ. ಎಲೆಗಳು ತಯಾರಿಸಿದ ಸಕ್ಕರೆ ಬಳ್ಳಿಯಲ್ಲಿರುವಾಗಲೇ ಹಣ್ಣಿಗೆ ಸೇರಬೇಕು. ಅದಕ್ಕೇ ಕುಂಡದ ಒಂದು ಬಳ್ಳಿಗೆ ಒಂದೋ ಎರಡೋ ಕಾಯಿ ಸಾಕು, ಎಲೆಗಳು ಆರೋಗ್ಯವಾಗಿರಬೇಕು. ಹಣ್ಣಾದ ಗುರುತುಗಳು ನಾಲ್ಕು:

1. ಕಾಯಿಯ ತೊಟ್ಟಿನ ಬಳಿಯಿರುವ ಸುರುಳಿಯಾದ ಕುಡಿಬಳ್ಳಿ ಪೂರ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿರಬೇಕು.
2. ನೆಲಕ್ಕೆ ತಾಗಿದ ಭಾಗದ ಮಚ್ಚೆ ಬಿಳಿಯಿಂದ ಬೆಣ್ಣೆಯ ಹಳದಿಗೆ ಬಂದಿರಬೇಕು.
3. ಸಿಪ್ಪೆಯ ಹೊಳಪು ಮಾಸಿರಬೇಕು.
4. ದಾರಕ್ಕೆ ಕಟ್ಟಿದ ತಾರೀಖಿನಿಂದ ಸುಮಾರು 35 ದಿನ ಕಳೆದಿರಬೇಕು.

ತಟ್ಟಿದಾಗ ಬರುವ ಸದ್ದನ್ನು ತಿಳಿಯಲು ದಾದಿಮಾ ಅವರಷ್ಟು ವರ್ಷಗಳ ಅನುಭವ ಬೇಕು. ನಮ್ಮಂಥವರಿಗೆ ಈ ನಾಲ್ಕು ಗುರುತುಗಳೇ ಸುರಕ್ಷಿತ. ಅಂದಹಾಗೆ ಆ ಎಳೆಗಾಯಿ ವ್ಯರ್ಥವಾಗಲಿಲ್ಲ. ಈದ್ ಮರುದಿನ ದಾದಿಮಾ ಸೋರೆಕಾಯಿಯಂತೆ ಹೆಚ್ಚಿ ಕಡಲೆಬೇಳೆ ಹಾಕಿ ಸಾಲನ್ ಮಾಡಿದರು.

ತೊಂದರೆ 6: ಮಳೆ ಬಂದ ರಾತ್ರಿ

ನಾಲ್ಕನೆಯ ಕಾಯಿ ಕೊನೆಗೂ ಹಣ್ಣಾಯಿತು. ಮಾರ್ಚ್ 24ರ ದಾರ, ಏಪ್ರಿಲ್ 29ರ ಕೊಯ್ಲು, 36 ದಿನ. ತೂಕ ಒಂದು ಕೆಜಿ 800 ಗ್ರಾಂ. ಒಳಗೆ ಕೆಂಪು, ಬೀಜ ಕಪ್ಪು. ಮೊದಲ ಹೋಳು ದಾದಿಮಾಗೆ, ಎರಡನೆಯದು ಅಮ್ಮಿಗೆ, ಒಂದು ತಟ್ಟೆ ಕೆಳಗಿನ ಮನೆಗೆ.

ಐದನೆಯದು ಇನ್ನು ನಾಲ್ಕೈದು ದಿನದಲ್ಲಿ ಆಗುತ್ತಿತ್ತು. ಏಪ್ರಿಲ್ ಪೂರ್ತಿ ಬಾರದ ಮಳೆ ಮೇ ಮೊದಲ ವಾರದಲ್ಲಿ ಸುರಿಯಿತು. ಊರಿಗೆಲ್ಲ ಸಂತೋಷ, ನಮಗೂ ಸಂತೋಷ. ಬೆಳಿಗ್ಗೆ ನೋಡಿದರೆ ಕಾಯಿ ಉದ್ದಕ್ಕೆ ಸೀಳಿತ್ತು, ಇರುವೆ ಮುತ್ತಿತ್ತು. ಒಣಗಿದ ಬೇರಿಗೆ ಒಮ್ಮೆಗೇ ನೀರು ಸಿಕ್ಕಾಗ ಒಳಗಿನ ತಿರುಳು ಬೇಗ ಉಬ್ಬುತ್ತದೆ. ಬಲಿತು ಗಟ್ಟಿಯಾದ ಸಿಪ್ಪೆ ಅಷ್ಟು ಬೇಗ ಹಿಗ್ಗಲಾರದು, ಅದಕ್ಕೇ ಬಿರಿಯುತ್ತದೆ. ಕೊನೆಯ ಹತ್ತು ದಿನ ನೀರನ್ನು ಮೆಲ್ಲಗೆ ಕಡಿಮೆ ಮಾಡಬೇಕು, ಮಳೆಯ ಮೋಡ ಕಂಡರೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ನಾನು ಕಟ್ಟಿರಲಿಲ್ಲ.

ಲೆಕ್ಕ

ನನ್ನ ನೋಟ್‌ಬುಕ್ ಪ್ರಕಾರ ಮೂರೂ ಕುಂಡಗಳಿಗೆ ಹಾಕಿದ ಒಟ್ಟು ನೀರು ಸುಮಾರು 380 ಲೀಟರ್. ಅದರಲ್ಲಿ ಮೊದಲ 110 ಲೀಟರ್ ಟ್ಯಾಂಕಿನದು, ಉಳಿದದ್ದು ಒಮ್ಮೆ ಬಳಸಿದ ನೀರು. ಸಿಕ್ಕಿದ್ದು ಒಂದು ಹಣ್ಣು. ಸಾರಕ್ಕಿ ಮಾರ್ಕೆಟ್‌ನ ಹಣ್ಣು ಇದಕ್ಕಿಂತ ಅಗ್ಗ ಎಂದು ಅಬ್ಬಾ ನಗುತ್ತಾರೆ, ಅದು ನಿಜವೇ. ಆದರೆ ಮಾರ್ಕೆಟ್‌ನಲ್ಲಿ ಹಣ್ಣು ಕೊಳ್ಳುವಾಗ ಈಗ ನಾನು ಚೌಕಾಸಿ ಮಾಡುವುದಿಲ್ಲ. ಹುಳು, ನೊಣ, ವೈರಸ್, ಬಿಸಿಲು, ಮಳೆ ಎಲ್ಲವನ್ನೂ ದಾಟಿ ಬಂದ ಹಣ್ಣು ಅದು ಎಂದು ತಿಳಿದಿದೆ.

ಇನ್ನೊಂದು ವಿಷಯ ಕಲಿತೆ. ಗಿಡ ಬಾಡಿದರೆ ನಮ್ಮ ಕೈ ಮೊದಲು ಹೋಗುವುದು ನೀರಿಗೆ, ನಂತರ ಗೊಬ್ಬರಕ್ಕೆ, ನಂತರ ಔಷಧಿಗೆ. ನನ್ನ ನಾಲ್ಕು ಕಾಯಿಗಳಲ್ಲಿ ಒಂದನ್ನೂ ಔಷಧಿ ಉಳಿಸುತ್ತಿರಲಿಲ್ಲ. ಒಂದಕ್ಕೆ ಸಮನಾದ ನೀರು ಬೇಕಿತ್ತು, ಒಂದಕ್ಕೆ ಬಟ್ಟೆಯ ಚೀಲ, ಒಂದಕ್ಕೆ ತಾಳ್ಮೆ, ಒಂದಕ್ಕೆ ಪ್ಲಾಸ್ಟಿಕ್ ಹಾಳೆ. ಮೊದಲು ನೋಡಿ, ತಾರೀಖಿನೊಂದಿಗೆ ಬರೆದಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ನಮಗೆ ಕಲಿಸುವುದೂ ಇದನ್ನೇ.

ಬೆಳೆಯಬೇಕೆನ್ನುವವರಿಗೆ: ಕನಿಷ್ಠ 40 ಲೀಟರಿನ ಕುಂಡ ತೆಗೆದುಕೊಳ್ಳಿ. ತೇವದ ಮಣ್ಣು ಬಹಳ ಭಾರ, ಆದ್ದರಿಂದ ತಾರಸಿಯ ನಡುವೆ ಇಡದೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿ. ಮನೆ ಮಾಲೀಕರನ್ನು ಮೊದಲೇ ಕೇಳಿ. ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳಬೇಕು.

ಯೋಚಿಸಲು ಪ್ರಶ್ನೆಗಳು

1. ಗಂಡು ಹೂಗಳನ್ನೆಲ್ಲ ಮೊದಲ ವಾರದಲ್ಲೇ ಕಿತ್ತುಹಾಕಿದರೆ ಬಳ್ಳಿಗೆ ಏನಾಗಬಹುದು?
2. ಸಾಮಾನ್ಯ ಕಲ್ಲಂಗಡಿಯ ಕೋಶದಲ್ಲಿ 22 ವರ್ಣತಂತುಗಳು, ಬೀಜರಹಿತ ಕಲ್ಲಂಗಡಿಯಲ್ಲಿ 33. ಎರಡನೆಯದರಲ್ಲಿ ಬೀಜ ಏಕೆ ಕಟ್ಟುವುದಿಲ್ಲ? ಮಿಯಾಸಿಸ್ ಪಾಠವನ್ನು ನೆನಪಿಸಿಕೊಳ್ಳಿ.
3. ನಿಮ್ಮ ಒಂದು ವುಜೂವಿಗೆ ಎಷ್ಟು ಲೀಟರ್ ನೀರು ಬೇಕಾಗುತ್ತದೆ? ಇಂದೇ ಬೇಸಿನ್ ಇಟ್ಟು ಅಳೆಯಿರಿ.

ಈ ವರ್ಷದ ಬೀಜವನ್ನು ಡಿಸೆಂಬರ್‌ನಲ್ಲೇ ಹಾಕಿದ್ದೇನೆ. ರಂಜಾನ್ ತಾರೀಖಿನಿಂದ ಹಿಂದಕ್ಕೆ ದಿನ ಎಣಿಸಿಯೇ ಹಾಕಿದ್ದು. ದಾದಿಮಾಗೆ ಈ ಸಲ ಮಾತು ಕೊಟ್ಟಿಲ್ಲ. "ಇನ್‌ಶಾ ಅಲ್ಲಾಹ್" ಎಂದಷ್ಟೇ ಹೇಳಿದ್ದೇನೆ. ಅವರು ದಿನವೂ ವುಜೂ ಮುಗಿಸಿ ಬೇಸಿನ್ ತುಂಬಿದೆಯೆಂದು ಕೂಗುತ್ತಾರೆ.